ಕ್ಲಚ್ ಜಾರುತ್ತಿದೆ: ದೊಡ್ಡ ಕ್ಲಚ್ ಕೊಳ್ಳುವ ಮೊದಲು ಮಾಡಬೇಕಾದ ತಪಾಸಣೆ

ನಾಲ್ಕನೇ ಗಿಯರ್, ಎರಡು ಸಾವಿರ ಆರ್‌ಪಿಎಂ, ಆಕ್ಸಿಲರೇಟರ್ ತಳಕ್ಕೆ. ಟರ್ಬೊ ಊದಲು ಶುರುವಾದ ಕೂಡಲೇ ಟ್ಯಾಕೋಮೀಟರ್ ಮುಳ್ಳು ಹಗ್ಗ ಬಿಚ್ಚಿದ ಕರುವಿನ ಹಾಗೆ ನೆಗೆಯುತ್ತದೆ, ಗಾಡಿ ಮಾತ್ರ ಹಳೇ ವೇಗದಲ್ಲೇ ಹೋಗುತ್ತಿರುತ್ತದೆ. ಅರ್ಧ ನಿಮಿಷ ಕಳೆಯುವಷ್ಟರಲ್ಲಿ ಏಸಿ ಕಿಂಡಿಯಿಂದ ಸೀದ ವಾಸನೆ. ರಿಮ್ಯಾಪ್ ಮಾಡಿಸಿದ, ಅಂದರೆ ಇಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಿ ಶಕ್ತಿ ಏರಿಸಿದ, ಮ್ಯಾನ್ಯುಯಲ್ ಕಾರು ಇಟ್ಟುಕೊಂಡವರಲ್ಲಿ ಇದು ಆಗದವರು ಕಡಿಮೆ.

ಆಗ ಹೆಚ್ಚಿನವರು ಫೋನ್ ತೆಗೆದು, ಶಕ್ತಿ ಏರಿಸಿದ ಗಾಡಿಗೆಂದು ಮಾರುವ 'ಸ್ಟೇಜ್ 3' ಕ್ಲಚ್ಚಿನ ಬೆಲೆ ನೋಡುತ್ತಾರೆ. ನಾನೂ ನೋಡಿದೆ. ನನ್ನದು 1.8 ಲೀಟರಿನ ಟರ್ಬೊ ಪೆಟ್ರೋಲ್ ಸೆಡಾನ್; ಕಂಪನಿ ಕೊಟ್ಟ ಟಾರ್ಕ್ (ತಿರುಚುವ ಬಲ; ಅಳತೆ ನ್ಯೂಟನ್-ಮೀಟರ್, ಎನ್‌ಎಂ) 250 ಎನ್‌ಎಂ, ರಿಮ್ಯಾಪ್ ಆದಮೇಲೆ 350ರ ಆಸುಪಾಸು. ಮೊದಲ ಕ್ಲಚ್ 70 ಸಾವಿರ ಕಿಲೋಮೀಟರಿಗೆ ಜಾರಿತು. ಹೊಸದು ಹಾಕಿಸಿದೆ, ಅದು ನಾಲ್ಕು ತಿಂಗಳಿಗೇ ಜಾರಲು ಶುರುಮಾಡಿತು. ಟಾರ್ಕ್ ಜಾಸ್ತಿಯಾಯಿತು, ಇನ್ನು ಕಂಪನಿ ಕ್ಲಚ್ ಸಾಲದು ಎಂದುಕೊಂಡು ಆರು ಬಿಲ್ಲೆಯ ಸೆರಾಮಿಕ್ ಪ್ಲೇಟ್ ತರಿಸಿಯೇಬಿಟ್ಟೆ. ಡಬ್ಬಿ ಹಿಡಿದುಕೊಂಡು ಹೋದಾಗ ಹಿರಿಯ ಮೆಕ್ಯಾನಿಕ್ ಒಬ್ಬರು ಅದನ್ನು ಬಿಚ್ಚಿಯೂ ನೋಡಲಿಲ್ಲ. "ಬೆಳಗ್ಗೆ ಮನೆಯಿಂದ ಹೊರಡುವಾಗ ಜಾರುತ್ತಾ?" ಎಂದು ಕೇಳಿದರು. ಯೋಚಿಸಿ ನೋಡಿದೆ. ಬೆಳಗ್ಗೆ ಜಾರುತ್ತಿರಲಿಲ್ಲ.

ಆ ಪ್ರಶ್ನೆಯಿಂದ ಶುರುವಾದ ತಪಾಸಣೆ ಇದು. ಇಂಜಿನ್ನಿನ ಜೊತೆ ತಿರುಗುವ ಫ್ಲೈವೀಲ್ ಎಂಬ ಚಕ್ರಕ್ಕೆ ಕ್ಲಚ್ ಪ್ಲೇಟನ್ನು ಸ್ಪ್ರಿಂಗಿನ ಬಲದಿಂದ ಒತ್ತಿ ಹಿಡಿಯುವುದು ಪ್ರೆಶರ್ ಪ್ಲೇಟ್, ಪೆಡಲ್ ತುಳಿದಾಗ ಆ ಒತ್ತು ಬಿಡಿಸುವುದು ರಿಲೀಸ್ ಬೇರಿಂಗ್; ಪೆಡಲ್ ಬಿಟ್ಟಿದ್ದರೂ ಪ್ಲೇಟ್ ಹಿಡಿಯದೆ ಉಜ್ಜಿದರೆ ಅದೇ ಜಾರುವುದು. ಸಾಮರ್ಥ್ಯ ಸಾಲದೆ ಜಾರುವ ಕ್ಲಚ್ ಬೇರೆ, ಇರುವ ಸಾಮರ್ಥ್ಯವನ್ನು ಬಳಸಲು ಬಿಡದೆ ಜಾರಿಸುವ ದೋಷ ಬೇರೆ. ಎರಡನೆಯದು ಇದ್ದಾಗ ಎಷ್ಟು ದೊಡ್ಡ ಕ್ಲಚ್ ಹಾಕಿದರೂ ಅದೂ ಸುಟ್ಟುಹೋಗುತ್ತದೆ, ದುಡ್ಡು ಮಾತ್ರ ಹೆಚ್ಚು ಹೋಗುತ್ತದೆ.

ಜಾರುತ್ತಿರುವುದು ಕ್ಲಚ್ಚೇನಾ?

ಇದನ್ನು ಖಚಿತ ಮಾಡಿಕೊಳ್ಳದೆ ಮುಂದೆ ಹೋಗಬೇಡಿ. ಫ್ರಂಟ್ ವೀಲ್ ಡ್ರೈವ್ ಕಾರಿನಲ್ಲಿ ಎರಡನೇ ಗಿಯರಿನಲ್ಲಿ ಮುಂದಿನ ಚಕ್ರ ರಸ್ತೆಯ ಹಿಡಿತ ತಪ್ಪಿ ಸುತ್ತಿದರೂ ಆರ್‌ಪಿಎಂ ನೆಗೆಯುತ್ತದೆ. ವ್ಯತ್ಯಾಸ ಇಷ್ಟೆ: ಚಕ್ರ ಸುತ್ತಿದರೆ ಆ ಚಕ್ರದ ವೇಗವೂ ಇಂಜಿನ್ನಿನ ಜೊತೆಜೊತೆಗೇ ಏರುತ್ತದೆ, ಕ್ಲಚ್ ಜಾರಿದರೆ ಇಂಜಿನ್ ಒಂದೇ ಏರುತ್ತದೆ. ಆದ್ದರಿಂದ ಪರೀಕ್ಷೆಯನ್ನು ಚಕ್ರ ಸುತ್ತುವ ಸಾಧ್ಯತೆಯೇ ಇಲ್ಲದ ಮೇಲಿನ ಗಿಯರಿನಲ್ಲಿ, ಒಣ ರಸ್ತೆಯಲ್ಲಿ ಮಾಡಬೇಕು.

ಕಣ್ಣಳತೆ ಬೇಡ. ಕಾರಿನ ಕಂಪ್ಯೂಟರಿನಿಂದ ಮಾಹಿತಿ ಓದುವ ಓಬಿಡಿ ಪೋರ್ಟಿಗೆ ಚುಚ್ಚುವ ಒಂದು ಡಾಂಗಲ್, ಫೋನಿನಲ್ಲಿ ಲಾಗ್ ಮಾಡುವ ಒಂದು ಆ್ಯಪ್ ಇದ್ದರೆ ಸಾಕು. ಆರ್‌ಪಿಎಂ ಮತ್ತು ವೇಗ ಎರಡನ್ನೇ ದಾಖಲಿಸಿ. ಒಂದೇ ಗಿಯರಿನಲ್ಲಿ ಇವೆರಡರ ಅನುಪಾತ ಬದಲಾಗಕೂಡದು. ನನ್ನ ಕಾರಿನ ನಾಲ್ಕನೇ ಗಿಯರಿನಲ್ಲಿ 60 ಕಿ.ಮೀ. ವೇಗಕ್ಕೆ 1,800, 80ಕ್ಕೆ 2,400, 100ಕ್ಕೆ 3,000 ಆರ್‌ಪಿಎಂ. ಅಂದರೆ ಪ್ರತಿ ಕಿ.ಮೀ. ವೇಗಕ್ಕೆ 30. ಜಾರುವ ದಿನದ ಲಾಗಿನಲ್ಲಿ 100 ಕಿ.ಮೀ. ವೇಗಕ್ಕೆ 3,400 ಬಂದಿತ್ತು. ನಡುವಿನ 400 ಸುತ್ತು ಕ್ಲಚ್ಚಿನೊಳಗೇ ಉರಿದುಹೋಗುತ್ತಿತ್ತು.

ಆ ಉರಿ ಎಷ್ಟು ಎಂದು ಒಂದು ಸಲ ಲೆಕ್ಕ ಹಾಕಿದರೆ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡುವ ಮನಸ್ಸಾಗುವುದಿಲ್ಲ. ಕ್ಲಚ್ 300 ಎನ್‌ಎಂ ಹಿಡಿದುಕೊಂಡು ನಿಮಿಷಕ್ಕೆ 400 ಸುತ್ತಿನಷ್ಟು ಜಾರಿದರೆ ಸುಮಾರು ಹನ್ನೆರಡೂವರೆ ಕಿಲೋವಾಟ್ ಶಾಖ. ಒಂದು ಕಿಲೋವಾಟಿನ ಇಸ್ತ್ರಿ ಪೆಟ್ಟಿಗೆ ಹನ್ನೆರಡನ್ನು ಒಟ್ಟಿಗೆ ಕಾಯಿಸಿ ಊಟದ ತಟ್ಟೆಯಷ್ಟಗಲದ ಬಿಲ್ಲೆಗೆ ಒತ್ತಿ ಹಿಡಿದ ಹಾಗೆ. ಮೂರು ನಾಲ್ಕು ಸೆಕೆಂಡಿನ ಒಂದು ಲಾಗ್ ಸಿಕ್ಕರೆ ಸಾಕು, ಕಾಲು ತೆಗೆಯಿರಿ. ಹ್ಯಾಂಡ್‌ಬ್ರೇಕ್ ಎಳೆದು ಮೂರನೇ ಗಿಯರಿಗೆ ಹಾಕಿ ಕ್ಲಚ್ ಬಿಟ್ಟು ಇಂಜಿನ್ ನಿಲ್ಲುತ್ತದಾ ಎಂದು ನೋಡುವ ಹಳೇ ಪರೀಕ್ಷೆ ಇದೆಯಲ್ಲ, ಅದು ಪೂರಾ ಸವೆದ ಕ್ಲಚ್ಚನ್ನು ಮಾತ್ರ ಹಿಡಿಯುತ್ತದೆ. ಐಡಲಿನ ಟಾರ್ಕ್ ತಡೆದುಕೊಳ್ಳುವ ಕ್ಲಚ್ 350 ಎನ್‌ಎಂ ಬಂದಾಗ ಕೈಬಿಡಬಹುದು.

ಯಾವಾಗ ಜಾರುತ್ತದೆ ಎಂಬುದೇ ಅರ್ಧ ಉತ್ತರ

ಮೇಲಿನ ಗಿಯರಿನಲ್ಲಿ, ಟಾರ್ಕ್ ಶಿಖರ ಮುಟ್ಟುವ ಆರ್‌ಪಿಎಂ ಹೊತ್ತಿಗೆ, ತಣ್ಣಗಿರಲಿ ಬಿಸಿಯಿರಲಿ ಒಂದೇ ಥರ ಜಾರಿದರೆ ಅದು ಸಾಮರ್ಥ್ಯದ ಕೊರತೆ ಅಥವಾ ಸವೆತ. ಪೆಡಲ್ ಬಹಳ ಮೇಲೆ ಬಂದಮೇಲೆ ಗಾಡಿ ಎಳೆಯುತ್ತಿದ್ದರೆ, ಅದೂ ಯಾವಾಗಲೂ ಹಾಗೇ ಇದ್ದರೆ, ಸವೆತದ ಕಡೆ ತೂಕ ಹೆಚ್ಚು.

ತಣ್ಣಗಿದ್ದಾಗ ಗಟ್ಟಿ, ಮುಕ್ಕಾಲು ಗಂಟೆ ಟ್ರಾಫಿಕ್ಕಿನಲ್ಲಿ ನಿಂತಮೇಲೆ ಜಾರು, ಜೊತೆಗೆ ಪೆಡಲಿನಲ್ಲಿ ಕ್ಲಚ್ ಹಿಡಿಯುವ ಜಾಗ ಬಿಸಿಯಾದ ಹಾಗೆಲ್ಲ ಮೇಲೇರುವುದು: ಇಲ್ಲಿ ಪೆಡಲಿನ ಒತ್ತನ್ನು ಎಣ್ಣೆಯ ಮೂಲಕ ಕ್ಲಚ್ಚಿಗೆ ಮುಟ್ಟಿಸುವ ಹೈಡ್ರಾಲಿಕ್ಸ್ ಮೇಲೆ ಅನುಮಾನ ಪಡಿ. ನನ್ನದು ಇದೇ.

ಗಿಯರ್ ಬದಲಿಸಿದ ಕೂಡಲೇ ಒಂದು ಕ್ಷಣ ಜಾರಿ ಆಮೇಲೆ ಹಿಡಿದುಕೊಂಡರೆ, ಕ್ಲಚ್ ನಿಧಾನವಾಗಿ ಕೂರುತ್ತಿದೆ ಎಂದರ್ಥ. ಕೆಲವು ಕಾರುಗಳಲ್ಲಿ, ಮುಖ್ಯವಾಗಿ ಹಲವು ಬಿಎಂಡಬ್ಲ್ಯೂ ಮಾದರಿಗಳಲ್ಲಿ, ಕ್ಲಚ್ ಎಣ್ಣೆ ವಾಪಸ್ ಹರಿಯುವ ದಾರಿಯಲ್ಲಿ ಸಣ್ಣ ತೂತಿನ ಒಂದು ವಾಲ್ವ್ ಇಟ್ಟಿರುತ್ತಾರೆ. ಕಲಿಯುವವರು ಕಾಲು ದಿಢೀರೆಂದು ಬಿಟ್ಟರೂ ಜರ್ಕ್ ಹೊಡೆಯದಿರಲಿ, ಗಿಯರ್‌ಬಾಕ್ಸಿಗೆ ಪೆಟ್ಟು ಬೀಳದಿರಲಿ ಎಂದು. ನೀವು ವೇಗವಾಗಿ ಗಿಯರ್ ಬದಲಿಸಿದರೂ ಕ್ಲಚ್ ತನ್ನ ಲಯದಲ್ಲೇ ಕೂರುತ್ತದೆ. ಹೊಳಪುಗಟ್ಟಿದ ಪ್ಲೇಟ್ ಕೂಡ ಇದೇ ಲಕ್ಷಣ ತೋರಿಸುತ್ತದೆ.

ನಿನ್ನೆ ಸರಿಯಿತ್ತು, ಇವತ್ತು ಜಾರುತ್ತಿದೆ, ಹೊರಡುವಾಗ ಗಡಗಡ ನಡುಕವೂ ಇದೆ ಎಂದರೆ ಪ್ಲೇಟಿಗೆ ಎಣ್ಣೆ ತಾಗಿದೆ.

ಕ್ಲಚ್ ಪೂರ್ತಿ ಬಿಡದಿರುವುದು ಇದಕ್ಕೆ ತಿರುಗುಮುರುಗಾದ ರೋಗ. ಪೆಡಲ್ ತುಳಿದು ಹತ್ತು ಸೆಕೆಂಡು ಕಾದು ರಿವರ್ಸ್ ಹಾಕಿದರೂ ಕಿರ್ರೆಂದರೆ ಕ್ಲಚ್ ಎಳೆಯುತ್ತಿದೆ. ಗಾಳಿ ಸೇರಿದ ಎಣ್ಣೆ, ಸವೆದ ಮಾಸ್ಟರ್ ಸಿಲಿಂಡರ್ (ಪೆಡಲ್ ಕಡೆಯ ಎಣ್ಣೆ ಪಂಪು), ತಿರುಗಾಮುರುಗಾ ಕೂರಿಸಿದ ಪ್ಲೇಟ್, ಕಾರಣಗಳು ಬೇರೆ. ಅದನ್ನು ಇಲ್ಲಿಗೆ ಬಿಡೋಣ.

ಗಿಯರ್‌ಬಾಕ್ಸ್ ಇಳಿಸುವ ಮುಂಚೆ

ಗಿಯರ್‌ಬಾಕ್ಸ್ ಇಳಿಸುವುದು ಇಡೀ ದಿನದ ಕೆಲಸ. ಅದಕ್ಕೂ ಮುಂಚೆ ಅರ್ಧ ಗಂಟೆಯಲ್ಲಿ ಮುಗಿಯುವ ತಪಾಸಣೆಗಳಿವೆ.

ಪೆಡಲನ್ನು ಕೈಯಲ್ಲಿ ಒತ್ತಿ ನೋಡಿ, ಕಾಲಿಗೆ ಇದು ಗೊತ್ತಾಗುವುದಿಲ್ಲ. ಮೇಲ್ತುದಿಯಲ್ಲಿ ಒಂದಿಷ್ಟು ಸಡಿಲ ಇರಬೇಕು. ಪೆಡಲಿನಿಂದ ಮಾಸ್ಟರ್ ಸಿಲಿಂಡರಿಗೆ ಹೋಗುವ ಕಡ್ಡಿಗೂ ಒಳಗಿನ ಪಿಸ್ಟನ್ನಿಗೂ ನಡುವೆ ಕೂದಲೆಳೆಯಷ್ಟಾದರೂ ಸಂದು ಬೇಕು. ಯಾಕೆಂದರೆ ಪಿಸ್ಟನ್ ಪೂರ್ತಿ ಹಿಂದೆ ಬಂದಾಗ ಮಾತ್ರ ಎಣ್ಣೆ ಡಬ್ಬಿಗೆ ಹೋಗುವ ಸಣ್ಣ ತೂತು ತೆರೆದುಕೊಳ್ಳುತ್ತದೆ. ಇಂಜಿನ್ ಶಾಖಕ್ಕೆ ಪೈಪಿನೊಳಗಿನ ಎಣ್ಣೆ ಹಿಗ್ಗಿದಾಗ ಹೆಚ್ಚಾದದ್ದು ಆ ತೂತಿನಿಂದಲೇ ಡಬ್ಬಿಗೆ ವಾಪಸಾಗುವುದು. ಸಂದು ಇಲ್ಲದಿದ್ದರೆ ತೂತು ಮುಚ್ಚಿಯೇ ಇರುತ್ತದೆ. ಹಿಗ್ಗಿದ ಎಣ್ಣೆಗೆ ದಾರಿಯಿಲ್ಲದೆ ಅದು ರಿಲೀಸ್ ಬೇರಿಂಗನ್ನು ತಳ್ಳುತ್ತದೆ. ಪೆಡಲ್ ಮೇಲೆ ಕಾಲಿಲ್ಲ, ಆದರೂ ಕ್ಲಚ್ ಅರ್ಧ ತುಳಿದ ಸ್ಥಿತಿಯಲ್ಲಿರುತ್ತದೆ. ಇಡೀ ದಾರಿ ಹಾಫ್ ಕ್ಲಚ್ ಓಡಿಸಿದ ಹಾಗೆ.

ಪರೀಕ್ಷೆ ಸುಲಭ. ಗಾಡಿಯನ್ನು ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿ, ಜಾರಲು ಶುರುವಾದಾಗ ತಂದು ನಿಲ್ಲಿಸಿ, ಇಂಜಿನ್ ಆರಿಸಿ. ಪೆಡಲ್ ಯಾರೂ ಮುಟ್ಟಬಾರದು. ಕ್ಲಚ್ ಕಡೆಯ ಸ್ಲೇವ್ ಸಿಲಿಂಡರಿನಲ್ಲಿ ಎಣ್ಣೆ ಹೊರಬಿಡಲು ಇರುವ ಬ್ಲೀಡ್ ನಿಪ್ಪಲ್ಲಿಗೆ ಪೈಪು ಸಿಕ್ಕಿಸಿ ಕಾಲು ಸುತ್ತು ಸಡಿಲಿಸಿ. ಒಳಗೆ ಒತ್ತಡ ಇರದಿದ್ದರೆ ಒಂದೆರಡು ಹನಿ ಜಿನುಗುತ್ತದೆ. ನನ್ನ ಗಾಡಿಯಲ್ಲಿ ಪಿಚಕಾರಿಯಿಂದ ಬಿಟ್ಟ ಹಾಗೆ ಚಿಮ್ಮಿತು. ಮೆಕ್ಯಾನಿಕ್ ನಿಪ್ಪಲ್ ಬಿಗಿಮಾಡಿ, ಒಂದು ರೌಂಡ್ ಹೋಗಿ ಬನ್ನಿ ಎಂದರು. ಹತ್ತು ನಿಮಿಷದ ಹಿಂದೆ ಜಾರುತ್ತಿದ್ದ ಕ್ಲಚ್ ಆ ಸುತ್ತಿನಲ್ಲಿ ಒಂದು ಸಲವೂ ಕೈಬಿಡಲಿಲ್ಲ. ಆಮೇಲೆ ಡ್ಯಾಶ್‌ಬೋರ್ಡಿನ ಕೆಳಗೆ ತಲೆಕೆಳಗಾಗಿ ಮಲಗಿ ಟಾರ್ಚ್ ಬಿಟ್ಟು ನೋಡಿದರೆ, ಕಡ್ಡಿಯ ಲಾಕ್‌ನಟ್ ಮೇಲೆ ಹೊಸ ಸ್ಪ್ಯಾನರ್ ಗುರುತು. ಹಿಂದಿನ ಸಲ ಕ್ಲಚ್ ಬದಲಿಸಿದವರು, ಪೆಡಲ್ ತುಂಬ ಕೆಳಗೆ ಹಿಡಿಯುತ್ತದೆ ಎಂದು ನಾನೇ ಗೊಣಗಿದ್ದಕ್ಕೆ, ಕಡ್ಡಿಯನ್ನು ಉದ್ದ ಮಾಡಿ ಕೊಟ್ಟಿದ್ದರು. ಬೈಯಲಿಕ್ಕೂ ಆಗುವುದಿಲ್ಲ, ಕೇಳಿದ್ದು ನಾನು.

ಕಡ್ಡಿ ಸರಿಯಿದ್ದೂ ಹೀಗಾದರೆ ಮಾಸ್ಟರಿನ ರಬ್ಬರ್ ಊದಿಕೊಂಡು ತೂತು ಮುಚ್ಚಿರಬಹುದು, ಅಥವಾ ಫ್ಲೆಕ್ಸಿಬಲ್ ಹೋಸಿನ ಒಳಪದರ ಕಿತ್ತು ಒಮ್ಮುಖ ಬಾಗಿಲಿನ ಹಾಗೆ ಕೆಲಸ ಮಾಡುತ್ತಿರಬಹುದು. ಡಾಟ್ 4 ಬ್ರೇಕ್ ಎಣ್ಣೆ ಇರಬೇಕಾದ ಜಾಗಕ್ಕೆ ಯಾರಾದರೂ ಖನಿಜ ತೈಲ ಹಾಕಿದ್ದರೆ ರಬ್ಬರ್ ಊದುವುದು ಖಂಡಿತ. ಎಣ್ಣೆ ಕಷಾಯದ ಬಣ್ಣಕ್ಕೆ ತಿರುಗಿದ್ದರೆ ಈಗಲೇ ಬದಲಿಸಿ. ಕೇಬಲ್ ಕ್ಲಚ್ಚಿನ ಗಾಡಿಯಾದರೆ ಇಷ್ಟೆಲ್ಲ ಇಲ್ಲ, ಕೇಬಲ್ ಬಿಗಿ ಜಾಸ್ತಿಯಾಗಿದೆಯಾ ಎಂದು ನೋಡಿದರೆ ಮುಗಿಯಿತು.

ಇನ್ನು ಎಣ್ಣೆ ಸೋರಿಕೆ. ಗಾಡಿಯನ್ನು ಲಿಫ್ಟ್ ಮೇಲೆ ಏರಿಸಿ, ಇಂಜಿನ್ನೂ ಗಿಯರ್‌ಬಾಕ್ಸೂ ಸೇರುವ ಜಾಗದ ತಳಕ್ಕೆ ಬೆರಳು ಒರೆಸಿ ಮೂಸಿ ನೋಡಿ. ಕಪ್ಪಗೆ ಜಿಡ್ಡಾಗಿದ್ದು ಸುಟ್ಟೆಣ್ಣೆಯ ವಾಸನೆಯಿದ್ದರೆ ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್. ಗಂಧಕದ ಕೆಟ್ಟ ನಾತ ಹೊಡೆದರೆ ಗಿಯರ್ ಎಣ್ಣೆ, ಇನ್‌ಪುಟ್ ಶಾಫ್ಟಿನ ಸೀಲ್. ಜಿಡ್ಡಿಲ್ಲದೆ ನೀರಿನಂತಿದ್ದು ಬಣ್ಣ ತಿನ್ನುತ್ತಿದ್ದರೆ ಸ್ಲೇವ್ ಸಿಲಿಂಡರ್. ಬೂಸ್ಟ್ (ಟರ್ಬೊ ಊದುವ ಗಾಳಿಯ ಒತ್ತಡ) ಏರಿಸಿದ ಇಂಜಿನ್ನಿನಲ್ಲಿ ಹಿಂದಿನ ಸೀಲ್ ಸೋರಿದರೆ ಸೀಲ್ ಬದಲಿಸಿ ಸುಮ್ಮನಾಗಬೇಡಿ. ಕ್ರ್ಯಾಂಕ್‌ಕೇಸಿನ ಗಾಳಿ ಹೊರಹೋಗುವ ಪಿಸಿವಿ ವಾಲ್ವ್ ಕೆಟ್ಟು ಒಳಗೆ ಒತ್ತಡ ಕಟ್ಟಿಕೊಂಡರೂ ಸೀಲ್ ಸೋರುತ್ತದೆ, ಹೊಸ ಸೀಲೂ ಸೋರುತ್ತದೆ.

ಇಳಿಸಿದ ಮೇಲೆ ಪ್ಲೇಟ್ ಓದುವುದು

ಕಡ್ಡಿ ಸರಿಮಾಡಿದರೂ ನಾಲ್ಕು ತಿಂಗಳು ಅರೆಬರೆ ಹಿಡಿತದಲ್ಲಿ ಓಡಿದ ಪ್ಲೇಟ್ ಹಾಳಾಗಿತ್ತು, ಗಿಯರ್‌ಬಾಕ್ಸ್ ಇಳಿಸಲೇಬೇಕಾಯಿತು. ಇಳಿಸಿದಾಗ ಹಳೇ ಪ್ಲೇಟನ್ನು ಗುಜರಿಗೆ ಎಸೆಯಲು ಬಿಡಬೇಡಿ. ಬೆಳಕಿಗೆ ಹಿಡಿದು ನೋಡಿ.

ರಿವೆಟ್ಟಿನ ತಲೆಯ ಮಟ್ಟಕ್ಕೆ ಎರಡೂ ಕಡೆ ಸಮನಾಗಿ ಸವೆದಿದ್ದರೆ ಅದು ಆಯಸ್ಸು ಮುಗಿಸಿದ ಪ್ಲೇಟ್, ದೋಷವೇನಿಲ್ಲ. ರಿವೆಟ್ ಇನ್ನೂ ಆಳದಲ್ಲಿದ್ದು ಮೇಲ್ಮೈ ಗಾಜಿನಂತೆ ಹೊಳೆಯುತ್ತಿದ್ದರೆ ದಪ್ಪ ಇದ್ದೂ ಹಿಡಿತ ಹೋಗಿದೆ. ಜಾರಿ ಜಾರಿ ಬೆಂದದ್ದು. ನನ್ನ ಪ್ಲೇಟ್ ಹೀಗಿತ್ತು, ಉಗುರಿನಲ್ಲಿ ಕೆರೆದರೆ ಜಾರುತ್ತಿತ್ತು. ಒಂದೇ ಮುಖ ಸವೆದು ಇನ್ನೊಂದು ಹೊಸದರಂತಿದ್ದರೆ ಪ್ಲೇಟ್ ಇನ್‌ಪುಟ್ ಶಾಫ್ಟಿನ ಹಲ್ಲುಗಳ ಮೇಲೆ ಸರಾಗವಾಗಿ ಸರಿಯುತ್ತಿಲ್ಲ. ನಡುವಿನಿಂದ ಹೊರಕ್ಕೆ ಸೂರ್ಯಕಿರಣದ ಹಾಗೆ ಕಪ್ಪು ಗೆರೆ ಹೋಗಿದ್ದರೆ ಎಣ್ಣೆ ಒಳಗಿನಿಂದ ಎರಚಿದೆ.

ಫ್ಲೈವೀಲ್ ಮುಖದಲ್ಲಿ ನೀಲಿ ಮಚ್ಚೆಗಳಿದ್ದರೆ ಅಲ್ಲಿನ ಲೋಹ ಬೆಂದು ಗಟ್ಟಿಯಾಗಿದೆ. ಹೊಸ ಪ್ಲೇಟ್ ಹಾಕಿದರೂ ಆ ಮಚ್ಚೆಗಳ ಮೇಲೆ ನಡುಗುತ್ತದೆ. ಪ್ರೆಶರ್ ಪ್ಲೇಟಿನ ಡಯಾಫ್ರಾಮ್ ಸ್ಪ್ರಿಂಗಿನ ಬೆರಳುಗಳ ತುದಿ ಒಂದೇ ಮಟ್ಟದಲ್ಲಿರಬೇಕು. ರಿಲೀಸ್ ಬೇರಿಂಗ್ ಉಜ್ಜಿದ ಗುರುತು ಆಳವಾಗಿದ್ದರೆ ಬೇರಿಂಗ್ ಸದಾ ಒತ್ತಿಕೊಂಡೇ ಇತ್ತು ಎನ್ನುವುದಕ್ಕೆ ಅದೇ ಸಾಕ್ಷಿ.

ಕುದುರೆ ಎಣಿಸಬೇಡಿ, ಟಾರ್ಕ್ ಎಣಿಸಿ

ಈಗ ಕೊಳ್ಳುವ ವಿಚಾರ. "ಮುನ್ನೂರು ಎಚ್‌ಪಿ ಗಾಡಿಗೆ ಯಾವ ಕ್ಲಚ್?" ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ. ಕ್ಲಚ್ಚಿಗೆ ಅಶ್ವಶಕ್ತಿ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ತಿರುಚುವ ಬಲ ಮಾತ್ರ. ಹೋಂಡಾ ಎಸ್2000ರ ಎರಡು ಲೀಟರ್ ಇಂಜಿನ್ ಯುರೋಪಿನಲ್ಲಿ 240 ಪಿಎಸ್ (ಅಶ್ವಶಕ್ತಿ) ಕೊಡುತ್ತಿತ್ತು, ಆದರೆ ಟಾರ್ಕ್ ಬರೀ 208 ಎನ್‌ಎಂ. ಶಕ್ತಿಯೆಲ್ಲ ಎಂಟು ಸಾವಿರ ದಾಟಿದ ಆರ್‌ಪಿಎಂನಲ್ಲಿತ್ತು. ನಮ್ಮಲ್ಲಿ ಮದುವೆ ದಿಬ್ಬಣಕ್ಕೂ ಚುನಾವಣೆ ಪ್ರಚಾರಕ್ಕೂ ಓಡಾಡಿದ ಹಳೇ 3 ಲೀಟರ್ ಡೀಸೆಲ್ ಫಾರ್ಚೂನರ್ 171 ಪಿಎಸ್, ಆದರೆ 343 ಎನ್‌ಎಂ. ಗಟ್ಟಿ ಕ್ಲಚ್ ಬೇಕಾದದ್ದು ಫಾರ್ಚೂನರಿಗೆ.

ಡೈನೊ ಶೀಟ್ (ಗಾಡಿಯ ಶಕ್ತಿ ಅಳೆಯುವ ಯಂತ್ರದ ವರದಿ) ಇದ್ದರೆ ಅದರಲ್ಲಿರುವುದು ಚಕ್ರದ ಲೆಕ್ಕವೋ ಇಂಜಿನ್ನಿನ ಲೆಕ್ಕವೋ ನೋಡಿಕೊಳ್ಳಿ. ಕ್ಲಚ್ ನೋಡುವುದು ಇಂಜಿನ್ ಟಾರ್ಕನ್ನು. ಚಕ್ರದ ಲೆಕ್ಕ 300 ಎನ್‌ಎಂ ಬಂದಿದ್ದರೆ, ಗಿಯರ್‌ಬಾಕ್ಸಿನ ನಷ್ಟ ಶೇ. 15 ಎಂದಿಟ್ಟುಕೊಂಡರೆ, ಇಂಜಿನ್ನಿನದು 350ರ ಮೇಲೆ.

ಕ್ಲಚ್ ಎಷ್ಟು ಹಿಡಿಯುತ್ತದೆ ಎನ್ನುವುದಕ್ಕೆ ನಾಲ್ಕೇ ಸಂಖ್ಯೆಗಳ ಗುಣಾಕಾರ: ಉಜ್ಜುವ ಮುಖಗಳೆಷ್ಟು, ಘರ್ಷಣಾಂಕ (ಆ ಮುಖಗಳು ಒಂದನ್ನೊಂದು ಎಷ್ಟು ಹಿಡಿಯುತ್ತವೆ ಎಂಬ ಅಂಕೆ) ಎಷ್ಟು, ಪ್ರೆಶರ್ ಪ್ಲೇಟ್ ಒತ್ತುವ ಬಲ ಎಷ್ಟು, ಸರಾಸರಿ ತ್ರಿಜ್ಯ ಎಷ್ಟು. ಹೊರವ್ಯಾಸ 240, ಒಳವ್ಯಾಸ 155 ಮಿ.ಮೀ. ಇರುವ ಒಂದು ಪ್ಲೇಟ್ ತೆಗೆದುಕೊಳ್ಳಿ. ಸರಾಸರಿ ತ್ರಿಜ್ಯ ಸುಮಾರು 99 ಮಿ.ಮೀ. ಮುಖಗಳು ಎರಡು, ಘರ್ಷಣಾಂಕ 0.3, ಒತ್ತುಬಲ 6,000 ನ್ಯೂಟನ್ ಎಂದಿಟ್ಟುಕೊಂಡರೆ 356 ಎನ್‌ಎಂ. 250 ಎನ್‌ಎಂ ಇಂಜಿನ್ನಿಗೆ ಇದು ಧಾರಾಳ. ರಿಮ್ಯಾಪ್ ಆಗಿ 350 ಬಂದಾಗ ತಣ್ಣಗಿರುವಾಗ ಹೇಗೋ ಹಿಡಿಯುತ್ತದೆ. ಬಿಸಿಯಾಗಿ ಘರ್ಷಣಾಂಕ 0.25ಕ್ಕೆ ಇಳಿದರೆ 297ಕ್ಕೆ ಬಂತು, ಜಾರಿತು. ಎಣ್ಣೆ ತಾಗಿ 0.15ಕ್ಕೆ ಬಿದ್ದರೆ 178; ಆಗ ರಿಮ್ಯಾಪ್ ಇಲ್ಲದ ಗಾಡಿಯೂ ಜಾರುತ್ತದೆ. ಕಡ್ಡಿ ಉದ್ದವಾಗಿ ಒತ್ತುಬಲದಲ್ಲಿ ಕಾಲು ಭಾಗ ಹೋದರೆ ಎಷ್ಟಾಯಿತು ನೀವೇ ಲೆಕ್ಕ ಹಾಕಿ.

ಈ ಗುಣಾಕಾರದಲ್ಲಿ ಪ್ಲೇಟಿನ ವಿಸ್ತೀರ್ಣ ಎಲ್ಲೂ ಇಲ್ಲ ಎಂಬುದನ್ನು ಗಮನಿಸಿ. ವಿಸ್ತೀರ್ಣ ಹೆಚ್ಚಿದ್ದರೆ ಹಿಡಿತ ಹೆಚ್ಚುವುದಿಲ್ಲ. ಶಾಖ ಹಂಚಿಹೋಗುತ್ತದೆ, ಸವೆತ ನಿಧಾನವಾಗುತ್ತದೆ. ಬೀದಿ ಗಾಡಿಗೆ ಅದೇ ಮುಖ್ಯ.

ಇಂಜಿನ್ ಟಾರ್ಕಿಗಿಂತ ಶೇ. 20ರಿಂದ 30 ಹೆಚ್ಚು ಹಿಡಿಯುವ ಕ್ಲಚ್ ಸಾಕು. ದುಪ್ಪಟ್ಟು ಹಿಡಿಯುವುದನ್ನು ಹಾಕಿದರೆ ಜಾರಬೇಕಾದ ಪೆಟ್ಟು ಗಿಯರ್‌ಬಾಕ್ಸಿನ ಹಲ್ಲಿಗೆ, ಡ್ರೈವ್‌ಶಾಫ್ಟಿಗೆ ಹೋಗುತ್ತದೆ. ಕ್ಲಚ್ಚಿಗಿಂತ ಅವು ದುಬಾರಿ. 'ಸ್ಟೇಜ್' ಸಂಖ್ಯೆಯನ್ನಂತೂ ನಂಬಲೇಬೇಡಿ. ಒಬ್ಬರ ಸ್ಟೇಜ್ 2 ಇನ್ನೊಬ್ಬರ ಸ್ಟೇಜ್ 3. ಅದಕ್ಕೊಂದು ಅಳತೆಗೋಲು ಅಂತಿಲ್ಲ. ನಿಮ್ಮ ಕಾರಿನ ಮಾದರಿಗೆ ಎಷ್ಟು ಎನ್‌ಎಂ ಎಂದು ಬರೆದು ಕೊಡಿ ಎಂದು ಕೇಳಿ. ಕೊಡದಿದ್ದರೆ ಮುಂದಿನ ಅಂಗಡಿಗೆ ಹೋಗಿ.

ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ನಿಲ್ಲಬಲ್ಲ ಪ್ಲೇಟ್

ಆರ್ಗ್ಯಾನಿಕ್ ಎಂದು ಕರೆಯುವ ಮಾಮೂಲಿ ಪ್ಲೇಟ್ ಮೆತ್ತಗೆ ಹಿಡಿಯುತ್ತದೆ, ಹಾಫ್ ಕ್ಲಚ್ ಸಹಿಸುತ್ತದೆ, ಮಿತಿಮೀರಿ ಬಿಸಿಯಾದರೆ ಮಾತ್ರ ಹೊಳಪುಗಟ್ಟುತ್ತದೆ. ಕೆವ್ಲಾರ್ ಎಂಬ ಗಟ್ಟಿ ನಾರಿನ ಪ್ಲೇಟ್ ಹಿಡಿತದಲ್ಲಿ ಇದಕ್ಕಿಂತ ದೊಡ್ಡ ವ್ಯತ್ಯಾಸವಿಲ್ಲ, ಬಾಳಿಕೆ ಹೆಚ್ಚು. ಆದರೆ ಮೊದಲ ಸಾವಿರ ಚಿಲ್ಲರೆ ಕಿಲೋಮೀಟರ್ ಅದನ್ನು ಹೊಸ ಮದುಮಗಳಂತೆ ನೋಡಿಕೊಳ್ಳಬೇಕು. ಅಷ್ಟರೊಳಗೆ ಬೂಸ್ಟ್ ಏರಿಸಿ ಜಾರಿಸಿದಿರೋ ಹೊಳಪುಗಟ್ಟಿ ಕೆಟ್ಟಿತು, ಮತ್ತೆ ಸರಿಹೋಗುವುದಿಲ್ಲ. ತಾಳ್ಮೆಯಿಲ್ಲದವರು ಅದರ ಸಹವಾಸಕ್ಕೆ ಹೋಗಬೇಡಿ.

ಸೆರಾಮಿಕ್ ಬಿಲ್ಲೆಗಳ ಪ್ಲೇಟ್, ಅಂದರೆ ನಾನು ದುಡ್ಡು ಕೊಟ್ಟು ಡಬ್ಬಿಯಲ್ಲಿಟ್ಟದ್ದು, ತಾಮ್ರ ಬೆರೆತ ಲೋಹದ ಪುಡಿ ಒತ್ತಿ ಮಾಡಿದ್ದು. ಘರ್ಷಣಾಂಕ 0.4ರ ಆಸುಪಾಸಿಗೆ ಏರುವುದರಿಂದ ಅದೇ ಪ್ರೆಶರ್ ಪ್ಲೇಟಿನಲ್ಲಿ ಹಿಡಿತ ಮೂರರಲ್ಲೊಂದು ಭಾಗ ಹೆಚ್ಚು. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಅದು ಹಿಡಿಯುವುದು ಸ್ವಿಚ್ ಹಾಕಿದ ಹಾಗೆ: ಒಂದೋ ಇಲ್ಲ, ಇಲ್ಲವೋ ಪೂರಾ. ಆ ಥರದ ಪ್ಲೇಟ್ ಇದ್ದ ಗೆಳೆಯನ ಗಾಡಿಯನ್ನು ಸಂಜೆ ಆರೂವರೆಗೆ ಸಿಲ್ಕ್ ಬೋರ್ಡಿನಿಂದ ಎಚ್‌ಎಸ್‌ಆರ್‌ವರೆಗೆ ಓಡಿಸಿದ್ದೇನೆ. ಅಡಿ ಅಡಿಗೂ ಗಾಡಿ ಕುದುರೆ ಕಾಲೆತ್ತಿದ ಹಾಗೆ ಜಿಗಿಯುತ್ತಿತ್ತು, ಪಕ್ಕದ ಆಟೋದವರು ತಿರುಗಿ ನೋಡಿ ನಕ್ಕರು. ಜರ್ಕ್ ತಪ್ಪಿಸಲು ಹಾಫ್ ಕ್ಲಚ್ ಮಾಡಿದರೆ ಸಣ್ಣ ಬಿಲ್ಲೆಗಳು ಫ್ಲೈವೀಲನ್ನು ಕೊರೆಯುತ್ತವೆ. ಸಿಂಟರ್ಡ್ ಕಬ್ಬಿಣದ ಪ್ಲೇಟ್ ಇದರಪ್ಪ, ಅದು ರೇಸ್ ಟ್ರ್ಯಾಕಿನ ಸಾಮಾನು.

ಇನ್ನೊಂದು ದಾರಿ ಒತ್ತುಬಲ ಹೆಚ್ಚಿಸುವುದು. ಮೇಲಿನ ಲೆಕ್ಕದಲ್ಲೇ 6,000ದ ಬದಲು 7,800 ನ್ಯೂಟನ್ ಒತ್ತುವ ಪ್ರೆಶರ್ ಪ್ಲೇಟ್ ಹಾಕಿದರೆ ತಣ್ಣಗೆ 463, ಬಿಸಿಯಲ್ಲಿ 386 ಎನ್‌ಎಂ. 350 ಎನ್‌ಎಂ ಇಂಜಿನ್ನಿಗೆ ಬಿಸಿಯಲ್ಲೂ ಉಳಿಕೆ ಇದೆ, ಪ್ಲೇಟ್ ಮಾಮೂಲಿಯದೇ. ಬೆಲೆ ತೆರುವುದು ಎಡಗಾಲು. ಪೆಡಲ್ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ಭಾರವಾಗುತ್ತದೆ. ಕ್ಲಚ್ ತುಳಿದಾಗ ಕ್ರ್ಯಾಂಕಿನ ಥ್ರಸ್ಟ್ ಬೇರಿಂಗ್ ಮೇಲೆ ಬೀಳುವ ನೂಕು ಕೂಡ ಹೆಚ್ಚು. ಆದ್ದರಿಂದ ಗಿಯರ್‌ಬಾಕ್ಸ್ ಇಳಿಸಿದ್ದಾಗಲೇ ಡಯಲ್ ಗೇಜ್ ಇಟ್ಟು ಕ್ರ್ಯಾಂಕ್ ಹಿಂದೆಮುಂದೆ ಆಡುವುದನ್ನು ಅಳೆಸಿ, ಕಂಪನಿ ಕೈಪಿಡಿಯ ಮಿತಿಯೊಂದಿಗೆ ಹೋಲಿಸಿ. ಸಿಗ್ನಲ್ಲಿನಲ್ಲಿ ಕ್ಲಚ್ ತುಳಿದುಕೊಂಡೇ ನಿಲ್ಲುವ ಅಭ್ಯಾಸವಿದ್ದರೆ ಬಿಡಿ, ನ್ಯೂಟ್ರಲ್‌ಗೆ ಹಾಕಿ.

ನಾನು ಆರಿಸಿಕೊಂಡದ್ದು ಇದನ್ನೇ. ಸ್ಪ್ರಿಂಗ್ ಇರುವ ಹಬ್ಬಿನ ಪೂರ್ಣ ಮುಖದ ಆರ್ಗ್ಯಾನಿಕ್ ಪ್ಲೇಟ್, ಗಟ್ಟಿ ಪ್ರೆಶರ್ ಪ್ಲೇಟ್.

500 ಎನ್‌ಎಂ ದಾಟಿದರೆ ಒಂದೇ ಪ್ಲೇಟಿನಲ್ಲಿ ಒದ್ದಾಡುವುದಕ್ಕಿಂತ ಎರಡು ಪ್ಲೇಟಿನ ಕ್ಲಚ್ ವಾಸಿ. ಉಜ್ಜುವ ಮುಖ ಎರಡರ ಬದಲು ನಾಲ್ಕು, ಅದೇ ಒತ್ತುಬಲಕ್ಕೆ ಹಿಡಿತ ಎರಡು ಪಟ್ಟು. ಪೆಡಲ್ ಹಗುರವೇ ಉಳಿಯುತ್ತದೆ, ಮೆತ್ತಗಿನ ಪ್ಲೇಟನ್ನೇ ಬಳಸಬಹುದು. ಬೆಲೆ ಮಾತ್ರ ಎದೆ ಒಡೆಯುವಂಥದ್ದು, ಮತ್ತು ಪೆಡಲ್ ತುಳಿದಾಗ ನಡುವಿನ ತಟ್ಟೆ ಟಣಟಣ ಸದ್ದು ಮಾಡುತ್ತದೆ. ಅದು ದೋಷ ಎಂದು ಮತ್ತೆ ಬಿಚ್ಚಿಸಬೇಡಿ.

ಫ್ಲೈವೀಲ್ ಬದಲಿಸುವುದೋ ಬೇಡವೋ

ಈಗಿನ ಟರ್ಬೊ ಕಾರುಗಳಲ್ಲಿ ಹೆಚ್ಚಿನವಕ್ಕೆ ಎರಡು ತುಂಡಿನ ಡ್ಯುಯಲ್ ಮಾಸ್ ಫ್ಲೈವೀಲ್, ನಡುವೆ ಸ್ಪ್ರಿಂಗ್. ಇಂಜಿನ್ನಿನ ನಡುಕ ಗಿಯರ್‌ಬಾಕ್ಸಿಗೆ ಹೋಗದಂತೆ ತಡೆಯುವುದು ಅದರ ಕೆಲಸ. ಆರಿಸಿದಾಗ ಕಟಕಟ ಸದ್ದು, ಐಡಲಿನಲ್ಲಿ ಗಲಗಲ, ಕೈಯಲ್ಲಿ ತಿರುಗಿಸಿದಾಗ ತಯಾರಕರ ಮಿತಿಗಿಂತ ಹೆಚ್ಚು ಸಡಿಲ ಆಡುವುದು, ಇವಿದ್ದರೆ ಬದಲಿಸಿ. ಇದರ ಮುಖವನ್ನು ಲೇತಿಗೆ ಕೊಟ್ಟು ಉಜ್ಜಿಸುವುದನ್ನು ಬಹುತೇಕ ತಯಾರಕರು ಒಪ್ಪುವುದಿಲ್ಲ. ಜೆ.ಸಿ. ರಸ್ತೆಯಲ್ಲಿ ಮಾಡಿಕೊಡುತ್ತೇವೆ ಎನ್ನುವವರು ಸಿಕ್ಕರೂ ಬೇಡ.

ಗಟ್ಟಿ ಒಂದೇ ತುಂಡಿನ ಹಗುರ ಫ್ಲೈವೀಲ್ ಹಾಕಿದರೆ ಇಂಜಿನ್ ಚುರುಕಾಗಿ ಏರುತ್ತದೆ, ಬಾಳಿಕೆ ಹೆಚ್ಚು. ಬದಲಿಗೆ ನ್ಯೂಟ್ರಲ್ಲಿನಲ್ಲಿ ನಿಂತಾಗ ಗಿಯರ್‌ಬಾಕ್ಸಿನಿಂದ ಡಬ್ಬದಲ್ಲಿ ಕಲ್ಲು ಅಲ್ಲಾಡಿಸಿದ ಸದ್ದು ಬರುತ್ತದೆ. ಕ್ಲಚ್ ತುಳಿದ ಕೂಡಲೇ ಸದ್ದು ನಿಂತರೆ ಅದು ಆ ಫ್ಲೈವೀಲಿನ ಗುಣ. ಮನೆಯವರು ಜೊತೆಗೆ ಕೂರುವ ಗಾಡಿಯಾದರೆ ಡ್ಯುಯಲ್ ಮಾಸನ್ನೇ ಉಳಿಸಿಕೊಳ್ಳಿ. ನನ್ನದು ಮಿತಿಯೊಳಗೇ ಇತ್ತು, ಉಳಿಸಿಕೊಂಡೆ.

ಜೋಡಿಸುವಾಗ, ಜೋಡಿಸಿದ ಮೇಲೆ

ಹೊಸ ಪ್ರೆಶರ್ ಪ್ಲೇಟಿಗೆ ತುಕ್ಕು ಹಿಡಿಯದಿರಲೆಂದು ಎಣ್ಣೆ ಸವರಿ ಕಳಿಸಿರುತ್ತಾರೆ. ಬ್ರೇಕ್ ಕ್ಲೀನರಿನಿಂದ ಒರೆಸದೆ ಕೂರಿಸಿದರೆ ಮೊದಲ ದಿನವೇ ಜಾರು. ಶಾಫ್ಟಿನ ಹಲ್ಲಿಗೆ ಗ್ರೀಸ್ ದೋಸೆ ಕಾವಲಿಗೆ ಎಣ್ಣೆ ಸವರಿದಷ್ಟು ತೆಳ್ಳಗೆ ಸಾಕು, ಹೆಚ್ಚಾದದ್ದು ಹಾರಿ ಪ್ಲೇಟಿಗೇ ಬೀಳುತ್ತದೆ. ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಮಾಡಿ. ಒಂದೇ ಕಡೆಯಿಂದ ಎಳೆದರೆ ಕವರ್ ಸೊಟ್ಟಗಾಗುತ್ತದೆ. ಸವೆತಕ್ಕೆ ತಾನೇ ಹೊಂದಿಕೊಳ್ಳುವ ಮಾದರಿಯ ಪ್ರೆಶರ್ ಪ್ಲೇಟ್ ಆದರೆ ಅದಕ್ಕೆಂದೇ ಇರುವ ಟೂಲ್ ಬೇಕು. ಅದಿಲ್ಲದೆ ಕೂರಿಸಿದರೆ ಹೊಂದಿಕೊಳ್ಳುವ ಉಂಗುರ ಮೊದಲೇ ತಿರುಗಿಬಿಟ್ಟಿರುತ್ತದೆ. ರಿಲೀಸ್ ಬೇರಿಂಗ್, ಹಿಂದಿನ ಸೀಲ್ ಇದೇ ಸಲ ಬದಲಿಸಿ. ನೂರಿನ್ನೂರು ಉಳಿಸಲು ಹೋಗಿ ಇನ್ನೊಮ್ಮೆ ಗಿಯರ್‌ಬಾಕ್ಸ್ ಇಳಿಸಿದವರನ್ನು ಕಂಡಿದ್ದೇನೆ.

ಮೊದಲ 800 ಕಿಲೋಮೀಟರ್ ಊರೊಳಗಿನ ಓಡಾಟವೇ ಆಗಲಿ, ಹೆದ್ದಾರಿಯ ಕಿಲೋಮೀಟರ್ ಲೆಕ್ಕಕ್ಕಿಲ್ಲ. ಪ್ಲೇಟ್ ಹದಕ್ಕೆ ಬರುವುದು ಹಿಡಿದು ಬಿಟ್ಟು ಮಾಡಿದಾಗ. ಅಷ್ಟು ದಿನ ರಿಮ್ಯಾಪ್ ತೆಗೆಸಿ ಕಂಪನಿ ಮ್ಯಾಪಿಗೆ ಇಳಿಸಿ ಓಡಿಸಿದೆ.

ಮ್ಯಾಪ್ ವಾಪಸ್ ಹಾಕಿಸುವಾಗ ಒಂದು ಮಾತು ಕೇಳಿದೆ: 2,000 ಆರ್‌ಪಿಎಂ ಸುತ್ತ ಒಂದೇ ಸಲ ಏರುವ ಟಾರ್ಕನ್ನು ಮೇಲಿನ ಮೂರು ಗಿಯರುಗಳಲ್ಲಿ ಸ್ವಲ್ಪ ತಡಮಾಡಿ ಏರಿಸಬಹುದಾ? ಐದು ನಿಮಿಷದ ಕೆಲಸ ಎಂದರು. ಕ್ಲಚ್ಚಿಗೆ ಅತಿ ಕಷ್ಟದ ಜಾಗ ಅದೇ, ಅಲ್ಲಿ 350ರ ಬದಲು 310 ಬಂದರೆ ಓಡಿಸುವವನಿಗೆ ಗೊತ್ತೂ ಆಗುವುದಿಲ್ಲ. ಮೇಲಿನ ಆರ್‌ಪಿಎಂನ ಅಶ್ವಶಕ್ತಿ ಇದ್ದಷ್ಟೇ ಇದೆ. ಮೊದಲ ಸಲ ಜಾರಿದಾಗಲೇ ಇದನ್ನು ಕೇಳಬಹುದಿತ್ತು. ಮೊನ್ನೆ ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಗಾಡಿ ಬಿಸಿಬಿಸಿ ಇರುವಾಗಲೇ ಮೂಡಿಗೆರೆ ಕಡೆಯ ನೇರ ರಸ್ತೆಯಲ್ಲಿ ನಾಲ್ಕನೇ ಗಿಯರಿನಲ್ಲಿ ಇನ್ನೊಂದು ಲಾಗ್ ತೆಗೆದೆ. 80 ಕಿ.ಮೀ. ವೇಗಕ್ಕೆ 2,400.